ಅಡ್ವಾನ್ಸ್ ಕೊಟ್ಟ ಮೇಡಂ

ನಮ್ಮ ಕಡೆ ಕೆಲಸ ಹುಡುಕಿಕೊಂಡು ಹೋಗುವವರು ಕಡಿಮೆ. ಕೆಲಸವೇ ಮನೆ ಬಾಗಿಲಿಗೆ ಬರುತ್ತದೆ. ಹತ್ತಿ ಬಿಡಿಸುವುದು ಮುಗಿಯುತ್ತಿದ್ದಂತೆ ಮೇಸ್ತ್ರಿ ಬರುತ್ತಾನೆ, ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾನೆ, ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಜನ ಬೇಕು ಅನ್ನುತ್ತಾನೆ. ಹೆಂಗಸರ ಗುಂಪಿಗೆ ಒಬ್ಬಳು ಮುಂದಾಳು ಇರುತ್ತಾಳೆ. ಅವಳ ಕೈಗೆ ಅಡ್ವಾನ್ಸ್ ಕೊಟ್ಟು ಹೋಗುತ್ತಾನೆ. ಅಡ್ವಾನ್ಸ್ ಮುಟ್ಟಿದರೆ ಮಾತು ಕೊಟ್ಟಂತೆ. ಆಮೇಲೆ ಮನೆಯಲ್ಲಿ ಮದುವೆ ಬರಲಿ, ಮೈಯಲ್ಲಿ ಜ್ವರ ಬರಲಿ, ಗುಂಪು ವ್ಯಾನು ಹತ್ತಲೇಬೇಕು. ಕನ್ನಡ, ತೆಲುಗು ಎರಡೂ ಆಡುವ ನಮ್ಮ ಈ ಸೀಮೆಯಲ್ಲಿ, ಆದೋನಿಯಿಂದ ತುಂಗಭದ್ರೆಯ ದಂಡೆಯವರೆಗೆ, ಯಾವ ಊರಿನ ಹೆಂಗಸರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಇದು ಕೆಟ್ಟ ರೂಢಿಯಲ್ಲ. ಆದರೆ ಈ ರೂಢಿಯನ್ನು ಚೆನ್ನಾಗಿ ಅರಿತುಕೊಂಡ ಕಳ್ಳರು ಈಗ ಹುಟ್ಟಿಕೊಂಡಿದ್ದಾರೆ. ಅವರು ಕಟ್ಟೆಗೆ ಬರುವುದಿಲ್ಲ, ಫೋನಿಗೆ ಬರುತ್ತಾರೆ. ಮಾಧವರಂನ ಜಂಬಮ್ಮನ ಮನೆಗೆ ಅವರು ಹೇಗೆ ಬಂದರು ಅನ್ನುವುದನ್ನು ಹೇಳುತ್ತೇನೆ. ಹತ್ತಿರ ಬಂದು ಕೂತುಕೊಳ್ಳಿ. ಕೈಯಲ್ಲಿರುವ ಫೋನನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ.

ಜಂಬಮ್ಮ ಅಂಥ ಒಂದು ಗುಂಪಿನ ಮುಂದಾಳು. ಮಾತು ಒರಟು, ಮನಸ್ಸು ನೇರ. ಮೇಸ್ತ್ರಿ ಕುಡಿಯಲು ಒಳ್ಳೆ ನೀರು ಕೊಡದಿದ್ದರೆ ಮೊದಲು ಜಗಳ ತೆಗೆಯುವವಳು ಅವಳು. ಗುಂಪಿನ ಹುಡುಗಿಗೆ ಮೈ ಬಿಸಿಯಾದರೆ ಪಕ್ಕದಲ್ಲಿ ಕೂಡುವವಳೂ ಅವಳೇ. ಅದಕ್ಕೇ ಊರಿನವರು ತಮ್ಮ ಹೆಣ್ಣುಮಕ್ಕಳನ್ನು, ಸೊಸೆಯರನ್ನು ಕಣ್ಣುಮುಚ್ಚಿ ಅವಳ ಜೊತೆ ಕಳಿಸುತ್ತಾರೆ. ಆಧಾರ್ ಜೆರಾಕ್ಸ್ ಕೊಡಿ ಎಂದು ಅವಳು ಕೇಳಿದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಗಂಡ ಪಕೀರಪ್ಪ ಕುರಿ ಸಾಕುತ್ತಾನೆ. ಅವನು ಮನುಷ್ಯರ ಜೊತೆ ಆಡುವುದಕ್ಕಿಂತ ಹೆಚ್ಚು ಮಾತು ಕುರಿಗಳ ಜೊತೆ ಆಡುತ್ತಾನೆ ಎಂದು ಜಂಬಮ್ಮನೇ ಆಡಿಕೊಳ್ಳುತ್ತಾಳೆ.

ಅವರ ಮಗಳು ಶಿರೀಷಾ ಆದೋನಿಯಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿದ್ದಳು. ಫೋನಿನಲ್ಲಿ ಕಂಡ ಕಂಡ ಕಡೆ ತನ್ನ ಹೆಸರು, ನಂಬರು ತುಂಬಿ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಎಲ್ಲಿಂದಲೂ ಉತ್ತರ ಬಂದಿರಲಿಲ್ಲ. ಹಿಂದಿನ ವರ್ಷ ಅವಳೂ ತಾಯಿಯ ಗುಂಪಿನಲ್ಲಿ ಮೆಣಸಿನಕಾಯಿ ಬಿಡಿಸಲು ಹೋಗಿದ್ದಳು. ಖಾರ ಹತ್ತಿದ ಕೈಯಲ್ಲಿ ಮುಖ ಒರೆಸಿಕೊಂಡು, ಕಣ್ಣು ಬಿಡಲಾರದೆ ಹೊಲದ ಬದುವಿನಲ್ಲಿ ಕೂತು ಅತ್ತಿದ್ದಳು. ಜಂಬಮ್ಮ ಅದನ್ನು ನೋಡಿದ್ದಳು. ನನ್ನ ಮಗಳು ನೆರಳಿನಲ್ಲಿ ಕೂತು ದುಡಿಯಬೇಕು ಎಂದು ಆವತ್ತೇ ಮನಸ್ಸು ಮಾಡಿದ್ದಳು. ಅವಳ ಆಸೆ ಇಷ್ಟೇ. ಇದಕ್ಕಿಂತ ದೊಡ್ಡ ಆಸೆ ಅವಳಿಗೆ ಇರಲಿಲ್ಲ.

ಒಂದು ದಿನ ಬೆಳಿಗ್ಗೆ ಶಿರೀಷಾಳ ಫೋನಿಗೆ ತೆಲುಗಿನಲ್ಲಿ ಒಂದು ಮೆಸೇಜು ಬಂತು. "ಅಭಿನಂದನಲು ಶಿರೀಷಾ ಗಾರು, ಮೀ ಪ್ರೊಫೈಲ್ ಸೆಲೆಕ್ಟ್ ಅಯಿಂದಿ." ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ ಎಂದರ್ಥ. ಹೈದರಾಬಾದಿನ ಹತ್ತಿರ ಪಾರ್ಸೆಲ್ ಪ್ಯಾಕಿಂಗ್ ಕೆಲಸ. ಹೆಂಗಸರಿಗೆ ಮಾತ್ರ. ರೂಮು, ಊಟ ಕಂಪನಿಯದೇ. ಕೆಳಗೆ ಎಲ್ಲರೂ ಕೇಳಿರುವಂಥ ದೊಡ್ಡ ಕಂಪನಿಯೊಂದರ ಗುರುತು ಅಂಟಿಸಿದ್ದರು. ಕೋಟು ಹಾಕಿಕೊಂಡು ನಗುತ್ತಿದ್ದ ಹೆಂಗಸೊಬ್ಬಳ ಫೋಟೋ ಇತ್ತು. ಹೆಸರು ಮಾನಸ ಮೇಡಂ ಅಂತ ಇತ್ತು.

ಶಿರೀಷಾ ಅದನ್ನು ತಾಯಿಗೆ ಓದಿ ಹೇಳಿದಳು. ಆದರೆ ಅವಳ ಮುಖ ಅರಳಲಿಲ್ಲ.

"ಅವ್ವಾ, ಈ ಕಂಪನಿಗೆ ನಾನು ಅರ್ಜೀನ ಹಾಕಿಲ್ಲ."

"ಹಾಕಿರ್ತಿ, ಮರ್ತಿರ್ತಿ. ಎಷ್ಟು ಕಡೆ ಹಾಕಿದ್ದಿ ನೀನು," ಎಂದಳು ಜಂಬಮ್ಮ.

"ಹಾಕಿಲ್ಲವ್ವ. ಇಂಟರ್‌ವ್ಯೂ ಆಗಿಲ್ಲ, ಏನಾಗಿಲ್ಲ. ಸುಮ್ಮನ ಹೆಂಗ ಸೆಲೆಕ್ಟ್ ಮಾಡ್ತಾರ?"

"ಮೇಸ್ತ್ರಿ ಏನು ಇಂಟರ್‌ವ್ಯೂ ಮಾಡ್ತಾನೇನು? ಮಂದಿ ಬೇಕಂತಾನ, ಕರಕೊಂಡು ಹೋಗ್ತಾನ. ಕಾಲಿಗೆ ಬಂದ ಕೆಲಸ ಐತಿ, ಯಾಕ ಒದಿತಿ?"

ಮಧ್ಯಾಹ್ನ ಮಾನಸ ಮೇಡಂ ತಾನೇ ಫೋನ್ ಮಾಡಿದಳು. ದನಿ ಜೇನಿನಂತೆ ಸಿಹಿಯಾಗಿತ್ತು. ಜಂಬಮ್ಮನನ್ನು ಅಮ್ಮಾ ಎಂದು ಕರೆದಳು. ಊಟ ಆಯಿತಾ ಎಂದು ವಿಚಾರಿಸಿದಳು. ಸಂಬಳ ಹಾಕಲು ಹೊಸದಾಗಿ ಬ್ಯಾಂಕ್ ಅಕೌಂಟು ತೆರೆಯಬೇಕು, ಹೊಸ ಸಿಮ್ ಕೊಂಡು ಅದೇ ನಂಬರನ್ನು ಬ್ಯಾಂಕಿಗೆ ಕೊಡಬೇಕು, ಆಮೇಲೆ ಎಟಿಎಂ ಕಾರ್ಡು, ಅದರ ಪಿನ್ನು, ಸಿಮ್ಮು ಎಲ್ಲವನ್ನೂ ಕಂಪನಿಯ ಮನುಷ್ಯನಿಗೆ ಒಪ್ಪಿಸಬೇಕು ಅಂದಳು. ಕಂಪ್ಯೂಟರಿಗೆ ಜೋಡಿಸಿ, ಕೆಲಸಕ್ಕೆ ಸೇರಿದ ದಿನ ಗುರುತಿನ ಚೀಟಿಯ ಜೊತೆ ವಾಪಸ್ ಕೊಡುತ್ತಾರಂತೆ.

ಶಿರೀಷಾ ಫೋನಿಟ್ಟ ಮೇಲೆ ಅಂದಳು: "ಟಿವಿಯಾಗ ಹೇಳ್ತಾರಲ್ಲವ್ವ, ಕೆಲಸ ಕೊಡ್ತೀವಿ ಅಂತ ಹಿಂಗ ಮೆಸೇಜ್ ಹಾಕಿದ್ರ ಮೋಸ ಇರ್ತದ ಅಂತ."

"ರೊಕ್ಕ ಕೇಳಿದ್ರ ಮೋಸ ಅಂತ ಹೇಳ್ತಾರ. ನಾನೂ ಕೇಳೀನಿ. ಈಕಿ ಏನಾರ ಕೇಳ್ಯಾಳೇನು?"

ಸಂಜೆ ಆಗುವುದರೊಳಗೆ ಶಿರೀಷಾಳ ಫೋನಿಗೆ ಹಣ ಬಂದು ಬಿತ್ತು. ದೊಡ್ಡ ಮೊತ್ತವೇನಲ್ಲ. ಬಸ್ ಖರ್ಚಿಗೆ ಮತ್ತು ಅಡ್ವಾನ್ಸ್ ಎಂದು ಮಾನಸ ಮೇಡಂ ಬರೆದಿದ್ದಳು. ಜಂಬಮ್ಮನಿಗೆ ಇದ್ದ ಅಲ್ಪ ಅನುಮಾನವೂ ಅಲ್ಲಿಗೆ ಮುಗಿದುಹೋಯಿತು.

"ನೋಡಿದಿ? ಕಳ್ಳರು ಕೇಳ್ತಾರ. ಈಕಿ ಕೊಟ್ಟಾಳ. ಅಡ್ವಾನ್ಸ್ ಮುಟ್ಟಿದೆವು, ಇನ್ನ ಹೋಗಬೇಕು."

ಕುರಿ ಹೊಡೆದುಕೊಂಡು ಬಂದ ಪಕೀರಪ್ಪ ಎಲ್ಲ ಕೇಳಿಸಿಕೊಂಡು, "ಕಾರ್ಡು ಯಾಕ ಬೇಕಂತ ಆಕಿಗೆ?" ಎಂದಷ್ಟೇ ಕೇಳಿದ.

"ಹೊಸ ಅಕೌಂಟು ಐತಿ. ಖಾಲಿ ಐತಿ. ಖಾಲಿ ಗಡಿಗ್ಯಾಗ ಏನು ಕದೀತಾರ?" ಎಂದು ಜಂಬಮ್ಮ ಅವನ ಬಾಯಿ ಮುಚ್ಚಿಸಿದಳು.

ಮೋಸ ಹೋದವರನ್ನು ಆಸೆಬುರುಕರು, ದಡ್ಡರು ಎನ್ನುವ ಜನ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿದೆ. ಜಂಬಮ್ಮ ದಡ್ಡಳಲ್ಲ. ಅವಳು ತನಗೆ ಗೊತ್ತಿದ್ದ ಲೆಕ್ಕದಲ್ಲಿ ಸರಿಯಾಗಿಯೇ ಯೋಚಿಸಿದಳು. ಕಳ್ಳರು ಅದೇ ಲೆಕ್ಕವನ್ನು ಕಲಿತುಕೊಂಡು ಬಂದಿದ್ದರು, ಅಷ್ಟೇ.

ಅಕೌಂಟು ತೆರೆದು, ಕಾರ್ಡು ಬಂದ ಮೇಲೆ ಶಿರೀಷಾ ಎಲ್ಲವನ್ನೂ ಕವರಿನಲ್ಲಿ ಹಾಕಿ ಮಂತ್ರಾಲಯದ ಬಸ್ ಸ್ಟ್ಯಾಂಡಿನ ಹತ್ತಿರ ಕೊಟ್ಟು ಬಂದಳು. ತೆಗೆದುಕೊಂಡವನು ಹೆಲ್ಮೆಟ್ ತೆಗೆಯಲಿಲ್ಲ, ಬೈಕಿನಿಂದ ಇಳಿಯಲೂ ಇಲ್ಲ. ಯಾತ್ರೆಗೆ ಬಂದವರ ಗದ್ದಲದಲ್ಲಿ ಅವನು ಯಾವ ಕಡೆ ಹೋದ ಅನ್ನುವುದೂ ಅವಳಿಗೆ ಕಾಣಲಿಲ್ಲ.

ಕೆಲಸಕ್ಕೆ ಸೇರುವ ದಿನ ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಮಾನಸ ಮೇಡಂ ಇನ್ನೊಂದು ಮಾತು ತೆಗೆದಳು. "ಅಮ್ಮಾ, ನಿಮ್ಮದು ಗುಂಪು ಇದೆಯಂತಲ್ಲ. ಎಲ್ಲರನ್ನೂ ಕರೆದುಕೊಂಡು ಬನ್ನಿ. ಎಲ್ಲರಿಗೂ ಅಡ್ವಾನ್ಸ್ ಹಾಕಿಸುತ್ತೇನೆ," ಎಂದು ತೆಲುಗಿನಲ್ಲಿ ಹೇಳಿದಳು.

ಒಬ್ಬಳೇ ಮಗಳನ್ನು ಗೊತ್ತಿಲ್ಲದ ಊರಿಗೆ ಕಳಿಸುವುದಕ್ಕಿಂತ ಗುಂಪಾಗಿ ಹೋಗುವುದು ಜಂಬಮ್ಮನಿಗೂ ಧೈರ್ಯದ ಮಾತೇ. ಹೊಲವಾದರೇನು, ಕಂಪನಿಯಾದರೇನು, ನಮ್ಮವರು ನಮ್ಮ ಜೊತೆ ಇದ್ದರೆ ಸಾಕು ಅಂದುಕೊಂಡಳು. ಮನೆ ಮನೆಗೆ ಹೋದಳು. ಗುಂಪಿನ ಹುಡುಗಿಯರೆಲ್ಲ ಹೊಸ ಸಿಮ್ ಕೊಂಡರು, ಹೊಸ ಅಕೌಂಟು ತೆರೆದರು.

ಪಕ್ಕದ ಮನೆಯ ಗಂಗಕ್ಕ ಜಂಬಮ್ಮನಿಗಿಂತ ಹಿರಿಯಳು. ಅವಳ ಮಗ ತೀರಿಕೊಂಡಿದ್ದಾನೆ. ಸೊಸೆ ಸೌಜನ್ಯ ಮತ್ತು ಮೊಮ್ಮಗಳ ಜೊತೆ ಅವಳ ಸಂಸಾರ. ಸೌಜನ್ಯಳ ಆಧಾರ್ ಜೆರಾಕ್ಸ್ ಕೊಡುವಾಗ ಗಂಗಕ್ಕ ಸ್ವಲ್ಪ ಹೊತ್ತು ಅದನ್ನು ಕೈಯಲ್ಲೇ ಹಿಡಿದುಕೊಂಡಳು.

"ಜಂಬಿ, ನನಗ ಆ ಮೇಡಂ ಗೊತ್ತಿಲ್ಲ, ಕಂಪನಿ ಗೊತ್ತಿಲ್ಲ. ನೀನು ಅದಿ ಅಂತ ಕೊಡಾಕತ್ತೀನಿ."

"ನಾನು ಇದ್ದೇ ಇರ್ತೀನಿ ಅಕ್ಕ. ನನ್ನ ಮಗಳು ಬ್ಯಾರೆ ಅಲ್ಲ, ನಿನ್ನ ಸೊಸಿ ಬ್ಯಾರೆ ಅಲ್ಲ," ಎಂದಳು ಜಂಬಮ್ಮ. ಆ ಮಾತನ್ನು ಅವಳು ಹೃದಯದಿಂದಲೇ ಹೇಳಿದ್ದಳು.

ಎಲ್ಲರ ಕಾರ್ಡೂ ಬಂದವು, ಸೌಜನ್ಯಳದೊಂದು ಬಿಟ್ಟು. ಅದನ್ನು ತರಲು ಸೌಜನ್ಯಳ ಜೊತೆ ಶಿರೀಷಾ ಬ್ಯಾಂಕಿಗೆ ಹೋದಳು. ಕಾರ್ಡು ಸಿಕ್ಕಿತು. ಬಂದದ್ದು ಬಂದೆ ಎಂದು ಶಿರೀಷಾ ತನ್ನ ಅಕೌಂಟು ಹೇಗಿದೆ ನೋಡಿ ಅಂತ ಅಲ್ಲಿನ ಕ್ಲರ್ಕನ್ನು ಕೇಳಿದಳು. ಅವನು ಕಂಪ್ಯೂಟರ್ ನೋಡಿ, ಮತ್ತೆ ಅವಳ ಮುಖ ನೋಡಿದ.

"ಈ ಅಕೌಂಟು ನೀವೇ ನಡೆಸಾಕತ್ತೀರಾ?"

"ನಂದೇ ರಿ. ಆದ್ರ ಅದರಾಗ ಏನೂ ಇಲ್ಲ."

"ಏನೂ ಇಲ್ಲ ಅಂದ್ರ ಹೆಂಗಮ್ಮ? ದೊಡ್ಡ ದೊಡ್ಡ ರೊಕ್ಕ ಬಂದು ಹೋಗ್ಯಾವ. ಬ್ಯಾರೆ ರಾಜ್ಯದ ಸೈಬರ್ ಪೊಲೀಸರು ತಡಿ ಹಾಕಿಸ್ಯಾರ. ನೀವು ಸ್ಟೇಷನ್ನಿಗೆ ಹೋಗಿ ವಿಚಾರಿಸ್ರಿ."

ಶಿರೀಷಾ ಸೌಜನ್ಯಳನ್ನು ಕರೆದುಕೊಂಡು ಎದ್ದಳು. ಹೊರಗೆ ಬಂದು ಮಾನಸ ಮೇಡಂಗೆ ಮೆಸೇಜು ಹಾಕಿದಳು. ಉತ್ತರ ಕೂಡಲೇ ಬಂತು. ಅದು ಸರ್ವರ್ ತೊಂದರೆ, ಮನೆಯಲ್ಲಿ ಹೇಳಬೇಡ, ಪೊಲೀಸರ ಹತ್ತಿರ ಹೋಗಬೇಡ, ಹೋದರೆ ಕೆಲಸ ಹೋಗುತ್ತದೆ, ಇವತ್ತು ಅಮ್ಮನ ಕೈಲಿ ಉಳಿದ ಕಾರ್ಡುಗಳನ್ನು ಆದೋನಿಗೆ ಕಳಿಸು ಎಂದು ಬರೆದಿತ್ತು.

ಮನೆಯಲ್ಲಿ ಹೇಳಬೇಡ ಅನ್ನುವ ಮಾತು ಅವಳ ಕಣ್ಣು ತೆರೆಸಿತು. ಒಳ್ಳೆ ಕೆಲಸ ಕೊಡುವವರು ತಾಯಿಯಿಂದ ಮುಚ್ಚಿಡು ಅಂತ ಯಾಕೆ ಹೇಳುತ್ತಾರೆ? ಅವಳು ಸೌಜನ್ಯಳ ಕೈ ಹಿಡಿದುಕೊಂಡು ಸೀದಾ ಊರಿನ ಸಚಿವಾಲಯಕ್ಕೆ, ಅಂದರೆ ಗ್ರಾಮದ ಸರಕಾರಿ ಕಚೇರಿಗೆ, ಹೋದಳು. ಅಲ್ಲಿ ಮಹಿಳಾ ಪೊಲೀಸ್ ಪದ್ಮಜಾ ಇದ್ದಳು. ಪದ್ಮಜಾ ಗೋನೆಗಂಡ್ಲದವಳು. ಊರಿನ ಹೆಂಗಸರ ಜಗಳ, ಕಣ್ಣೀರು ಎಲ್ಲ ಅವಳ ಮೇಜಿನ ಮುಂದೆಯೇ ಬರುತ್ತವೆ. ಶಿರೀಷಾ ಹೇಳಿದ್ದನ್ನೆಲ್ಲ ಅವಳು ನಡುವೆ ಮಾತಾಡದೆ ಕೇಳಿದಳು. ಬೈಯಲಿಲ್ಲ.

"ಅಮ್ಮ ಎಲ್ಲಿ ಅದಾಳ ಈಗ?" ಎಂದು ಕೇಳಿದಳು.

"ಆದೋನಿ ಬಸ್ಸಿಗೆ ಹೊಂಟಾಳ ರಿ. ಉಳಿದೋರ ಕಾರ್ಡೆಲ್ಲ ಆಕಿ ಹತ್ರನೇ ಅದಾವ."

ಪದ್ಮಜಾ ಎದ್ದೇ ಬಿಟ್ಟಳು.

ಅವರು ಹೋದಾಗ ಜಂಬಮ್ಮ ಒಳ್ಳೆ ಸೀರೆ ಉಟ್ಟು, ಕೈಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಚಿಲಕ ಹಾಕುತ್ತಿದ್ದಳು. ಪಕೀರಪ್ಪ ಹಟ್ಟಿಯಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ಪದ್ಮಜಾಳನ್ನು ನೋಡಿ ಜಂಬಮ್ಮ ನಕ್ಕಳು.

"ಏನು ಪದ್ಮಜಮ್ಮ, ಬಿಸಲಾಗ ಬಂದಿ. ಕುಂದ್ರು ಅನ್ನಾಕ ಟೈಮಿಲ್ಲ ನನಗ. ಬಸ್ಸು ಬರ್ತದ."

"ಬಸ್ಸು ಹೋಗ್ಲಿ ಅಕ್ಕಾ. ಒಂದು ಮಾತು ಕೇಳಿ ಹೋಗು. ಆ ಕಾರ್ಡು ಕೊಡಬ್ಯಾಡ. ಅದು ಮೋಸ."

ಜಂಬಮ್ಮನ ನಗು ನಿಂತಿತು. ಅವಳು ಮಗಳನ್ನು ನೋಡಿದಳು. ಶಿರೀಷಾ ಅಳುತ್ತಾ ಬ್ಯಾಂಕಿನಲ್ಲಿ ನಡೆದದ್ದನ್ನು ಹೇಳಿದಳು. ಆದರೂ ಜಂಬಮ್ಮ ಚೀಲ ಕೆಳಗಿಡಲಿಲ್ಲ.

"ಬ್ಯಾಂಕಿನಾಂವಗ ಏನು ಗೊತ್ತೈತಿ? ಎಲ್ಲಾರ ಮುಂದ ನಾನು ಮಾತು ಕೊಟ್ಟೀನಿ. ಅಡ್ವಾನ್ಸ್ ಮುಟ್ಟೀನಿ ಪದ್ಮಜಮ್ಮ. ಮುಟ್ಟಿದ ಮ್ಯಾಲ ಒಂದು ಸಲಾನೂ ಹಿಂದಕ್ಕ ಸರಿದಿಲ್ಲ ನಾನು. ಈಗ ಸರಿದ್ರ ನಾಳೆ ಯಾವ ಮೇಸ್ತ್ರಿ ನನ್ನ ಗುಂಪು ಕರೀತಾನ?"

"ಸರಿ ಅಕ್ಕಾ. ಮೇಸ್ತ್ರಿ ಅಡ್ವಾನ್ಸ್ ಕೊಟ್ಟು ನಿನ್ನ ಹತ್ರ ಏನು ಕೇಳ್ತಾನ?"

"ಕೆಲಸ ಕೇಳ್ತಾನ. ಇನ್ನೇನು ಕೇಳ್ತಾನ?"

"ಈಕಿ ಏನು ಕೇಳಾಕತ್ತಾಳ?"

ಜಂಬಮ್ಮ ಚೀಲದ ಮೇಲೆ ಕೈಯಿಟ್ಟಳು. "ಕಾರ್ಡು. ಸಿಮ್ಮು," ಎಂದಳು.

"ಈಕಿಗೆ ನಿಮ್ಮ ಕೈ ಬೇಕಾಗಿಲ್ಲ ಅಕ್ಕಾ. ನಿಮ್ಮ ಹೆಸರು ಬೇಕಾಗ್ಯಾದ. ಅಕೌಂಟು ಶಿರೀಷಾನ ಹೆಸರಿನಾಗ ಐತಿ, ಸಿಮ್ಮೂ ಆಕಿ ಹೆಸರಿನಾಗೇ ಐತಿ. ಬ್ಯಾಂಕಿನ ಓಟಿಪಿ ಆ ಸಿಮ್ಮಿಗೇ ಬರ್ತದ. ಎರಡೂ ಅವರ ಕೈಯಾಗ ಇದ್ರ, ಅವರು ಎಲ್ಲಿ ಕುಂತು ಏನು ಮಾಡಿದ್ರೂ ಅದು ಶಿರೀಷಾ ಮಾಡಿದಂಗ."

"ಅಕೌಂಟು ಖಾಲಿ ಐತಲ್ಲ."

"ಅವರಿಗೆ ಖಾಲೀನ ಬೇಕು. ಎಲ್ಲೋ ಯಾರದೋ ರೊಕ್ಕ ಹೊಡೀತಾರ. ತಮ್ಮ ಅಕೌಂಟಿಗೆ ಹಾಕ್ಕೊಂಡ್ರ ಸಿಗ್ತಾರ. ಅದಕ್ಕ ನಿಮ್ಮಂಥವರ ಅಕೌಂಟಿಗೆ ಹಾಕಿ, ಅಲ್ಲಿಂದ ತಗೊಂಡು ಮಾಯ ಆಗ್ತಾರ. ಪೊಲೀಸರು ಜಾಡು ಹಿಡಕೊಂಡು ಬಂದ್ರ ಯಾರ ಮನಿಗೆ ಬರ್ತಾರ ಹೇಳು."

ಪಕೀರಪ್ಪ ಸೊಪ್ಪು ಬಿಟ್ಟು ಎದ್ದು ಬಂದಿದ್ದ. ಮಗಳ ಪಕ್ಕದಲ್ಲಿ ಹೋಗಿ ನಿಂತ.

ಜಂಬಮ್ಮನಿಗೆ ಇನ್ನೂ ಪೂರ್ತಿ ನಂಬಿಕೆ ಬರಲಿಲ್ಲ. "ಹಂಗಾದ್ರ ಆಕಿನ್ನ ಕೇಳೇಬಿಡ್ತೀನಿ," ಎಂದು ಹಟ ಹಿಡಿದಳು. ಪದ್ಮಜಾ ಬೇಡ ಎಂದಳು. ಇಂಥವರ ಜೊತೆ ಮಾತು ಬೆಳೆಸಬಾರದು, ಮಾತಾಡುತ್ತಾ ಮಾತಾಡುತ್ತಾ ಅವರು ಇನ್ನೊಂದು ಗಾಳ ಹಾಕುತ್ತಾರೆ ಎಂದಳು. ಜಂಬಮ್ಮ ಕೇಳಲಿಲ್ಲ. ಕೊನೆಗೆ ಪದ್ಮಜಾ, ನಾನು ಪಕ್ಕದಲ್ಲಿದ್ದೇನೆ, ಫೋನಿನ ದನಿ ಜೋರಿಡು, ಯಾವ ನಂಬರನ್ನೂ ಹೇಳಬೇಡ ಎಂದು ಎಚ್ಚರಿಸಿ ಒಪ್ಪಿಕೊಂಡಳು.

ಮಾನಸ ಮೇಡಂ ಫೋನ್ ಎತ್ತಿದಳು. ಎಂದಿನಂತೆ ಸಿಹಿಯಾಗಿ, "ಚೆಪ್ಪಂಡಮ್ಮಾ, ಬಯಲ್ದೇರಾರಾ?" ಅಂದಳು. ಹೊರಟಿರಾ ಎಂದು ಕೇಳಿದ್ದು.

ಜಂಬಮ್ಮ ತೆಲುಗಿನಲ್ಲೇ ಹೇಳಿದಳು: "ಮೇಡಂ, ಆದೋನಿಗೆ ಯಾಕೆ? ನಾವೆಲ್ಲ ಸೇರಿ ನಿಮ್ಮ ಕಂಪನಿಗೇ ಬರುತ್ತೇವೆ. ಕಾರ್ಡು ಅಲ್ಲೇ ನಿಮ್ಮ ಕೈಗೆ ಕೊಡುತ್ತೇವೆ."

ಆ ಕಡೆ ದನಿ ಬದಲಾಯಿತು. ಇವತ್ತೇ ಬೇಕು, ಈಗಲೇ ಬೇಕು ಎಂದಿತು. ಅಡ್ವಾನ್ಸ್ ತೆಗೆದುಕೊಂಡಿದ್ದೀರಿ, ಕಾರ್ಡು ಕೊಡದಿದ್ದರೆ ನಿಮ್ಮ ಮಗಳ ಮೇಲೆ ಕೇಸು ಹಾಕುತ್ತೇವೆ, ಪೊಲೀಸರು ಬಂದು ಎಳೆದುಕೊಂಡು ಹೋಗುತ್ತಾರೆ ಎಂದಿತು. ಶಿರೀಷಾ ತಂದೆಯ ತೋಳು ಹಿಡಿದುಕೊಂಡಳು.

ಜಂಬಮ್ಮ ಅಲುಗಾಡಲಿಲ್ಲ. ಮೇಸ್ತ್ರಿಯರ ಬೈಗುಳ ಅವಳಿಗೆ ಹೊಸದಲ್ಲ. ಆದರೆ ಯಾವ ಮೇಸ್ತ್ರಿಯ ಊರು, ಮನೆ, ಮಠ ಅವಳಿಗೆ ಗೊತ್ತಿರಲಿಲ್ಲ? ಎಲ್ಲರದೂ ಗೊತ್ತಿತ್ತು. ಒಬ್ಬನ ತಾಯಿ ಸತ್ತಾಗ ಮಣ್ಣಿಗೂ ಹೋಗಿ ಬಂದಿದ್ದಳು. ಅವಳು ನಿಧಾನವಾಗಿ ಕೇಳಿದಳು.

"ಮೀದಿ ಏ ಊರಮ್ಮಾ?"

ನಿನ್ನದು ಯಾವ ಊರು ಎಂದು ಕೇಳಿದ್ದು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಮೊದಲು ಕೇಳುವ ಮಾತು. ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ನಂಬರು ಹತ್ತಲಿಲ್ಲ.

ಜಂಬಮ್ಮ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಚೀಲವನ್ನು ಎರಡೂ ಕೈಯಿಂದ ಮಡಿಲಲ್ಲಿ ಅವುಚಿಕೊಂಡಳು.

"ಎಲ್ಲಾರ ಹೆಣ್ಣುಮಕ್ಕಳನ್ನ ಒಯ್ದು ಕೊಡಾಕ ಹೊಂಟಿದ್ದೆ ನಾನು," ಎಂದಳು.

ಪದ್ಮಜಾ ಸಮಯ ಕಳೆಯಲಿಲ್ಲ. ಶಿರೀಷಾಳಿಂದಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ ದೂರು ಬರೆಸಿದಳು. ಬ್ಯಾಂಕಿಗೆ ಫೋನ್ ಮಾಡಿಸಿ ಕಾರ್ಡನ್ನು, ಸಿಮ್ ಕಂಪನಿಗೆ ಹೇಳಿ ಸಿಮ್ಮನ್ನು ನಿಲ್ಲಿಸಿದಳು. ಮೆಸೇಜುಗಳನ್ನು ಅಳಿಸಬೇಡ, ಅವೇ ನಿನಗೆ ಸಾಕ್ಷಿ ಎಂದಳು. ಅದೇ ದಿನ ಎಲ್ಲರೂ ಪೊಲೀಸ್ ಸ್ಟೇಷನ್ನಿಗೆ ಹೋದರು. ಪಕೀರಪ್ಪ ಕುರಿಗಳನ್ನು ಪಕ್ಕದವರಿಗೆ ಒಪ್ಪಿಸಿ ತಾನೂ ಬಂದ.

ಅಲ್ಲಿನ ಎಸ್ಸೈ ಕಾಗದಪತ್ರ ನೋಡಿ, ಫೋನ್ ಮಾಡಿ ವಿಚಾರಿಸಿ, ನಡೆದದ್ದನ್ನು ತಿಳಿಸಿದರು. ದೂರದ ಮಹಾರಾಷ್ಟ್ರದಲ್ಲಿ ಒಬ್ಬ ಮುದುಕ. ಹೆಂಡತಿಯ ಆಪರೇಷನ್ನಿಗೆ ಹಣ ಕೂಡಿಟ್ಟಿದ್ದ. ಯಾರೋ ಫೋನಿನಲ್ಲಿ ಹೆದರಿಸಿ ಅದನ್ನೆಲ್ಲ ಕಿತ್ತುಕೊಂಡರು. ಆ ಹಣ ಹೋಗಿ ಬಿದ್ದದ್ದು ಶಿರೀಷಾಳ ಅಕೌಂಟಿಗೆ. ಅಲ್ಲಿಂದ ಸ್ವಲ್ಪ ಹೊತ್ತಿನಲ್ಲೇ ಖಾಲಿಯಾಯಿತು.

"ಆ ಮುದುಕ ದೂರು ಕೊಟ್ಟಿರೋದು ನಿಮ್ಮ ಮಗಳ ಹೆಸರಿನ ಮ್ಯಾಲ ಅಮ್ಮ. ಅವರಿಗೆ ಗೊತ್ತಿರೋದು ಈ ಹೆಸರು ಒಂದೇ," ಎಂದರು ಎಸ್ಸೈ.

ಜಂಬಮ್ಮ ಕೇಳಿದಳು: "ಆ ತಾಯಿಗೆ ಆಪರೇಷನ್ ಆತೇನ್ರಿ?"

"ಅದು ನಮಗ ಗೊತ್ತಿಲ್ಲಮ್ಮ."

"ನಮಗ ಆಕಿ ಹಾಕಿದ ಅಡ್ವಾನ್ಸ್ ಹೊಳ್ಳಿ ಕೊಡ್ತೀನ್ರಿ. ಅದು ಯಾರ ರೊಕ್ಕ?"

"ಅದೂ ಹಂಗ ಯಾರಿಂದನೋ ಹೊಡೆದಿದ್ದೇ ಇರಬೇಕು."

ಜಂಬಮ್ಮ ಮಗಳ ಕಾಲು ನೋಡಿದಳು. "ಆ ರೊಕ್ಕದಾಗ ನನ್ನ ಮಗಳಿಗೆ ಚಪ್ಪಲಿ ಕೊಡಿಸೀನ್ರಿ. ಕಂಪನಿಗೆ ಹೋಗ್ತಾಳ, ಹರಕು ಚಪ್ಪಲಿ ಬ್ಯಾಡ ಅಂತ." ಮೇಸ್ತ್ರಿಯರನ್ನು ನಡುಗಿಸುವ ಜಂಬಮ್ಮ ಸ್ಟೇಷನ್ನಿನ ಬೆಂಚಿನ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಶಿರೀಷಾ ಚಪ್ಪಲಿ ಕಳಚಿ ಬೆಂಚಿನ ಕೆಳಗೆ ಸರಿಸಿದಳು.

ತಾನಾಗಿ ಬಂದು ಎಲ್ಲ ಹೇಳಿದ್ದು ಶಿರೀಷಾಳಿಗೆ ಅನುಕೂಲ ಆಗುತ್ತದೆ ಎಂದು ಎಸ್ಸೈ ಧೈರ್ಯ ಹೇಳಿದರು. ಆದರೆ ವಿಚಾರಣೆ ಮುಗಿಯುವವರೆಗೆ ಕರೆದಾಗಲೆಲ್ಲ ಬರಬೇಕು, ಅಕೌಂಟಿನ ತಡೆ ಇವತ್ತು ನಾಳೆ ಬಿಡುವುದಿಲ್ಲ ಎಂದೂ ಹೇಳಿದರು. ಅದು ಸುಳ್ಳು ಧೈರ್ಯ ಆಗಿರಲಿಲ್ಲ. ಅವಳನ್ನು ಈಗಲೂ ಕರೆಯುತ್ತಾರೆ, ಅವಳು ತಂದೆಯ ಜೊತೆ ಹೋಗಿ ಬರುತ್ತಾಳೆ.

ಮರುದಿನ ಜಂಬಮ್ಮ ಗುಂಪಿನ ಹೆಂಗಸರನ್ನೆಲ್ಲ ಕರೆದಳು. ಒಬ್ಬೊಬ್ಬರ ಕಾರ್ಡು, ಸಿಮ್ಮು, ಜೆರಾಕ್ಸು ಅವರವರ ಕೈಗೆ ಕೊಟ್ಟಳು. ಪಕೀರಪ್ಪ ಹಿಂದಿನ ದಿನವೇ ಹೇಳಿದ್ದ, ಕಾರ್ಡು ವಾಪಸ್ ಕೊಟ್ಟು ಕಂಪನಿ ಮುಚ್ಚಿತಂತೆ ಅಂದುಬಿಡು ಅಂತ. ಮಗಳ ಹೆಸರು ಊರ ಬಾಯಿಗೆ ಬೀಳುತ್ತದೆ ಅನ್ನುವುದು ಅವನ ಸಂಕಟ. ಜಂಬಮ್ಮ ಒಪ್ಪಲಿಲ್ಲ. ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಮಗಳು ಬೇಡ ಅಂದಿದ್ದಳು, ನಾನೇ ಕೇಳಲಿಲ್ಲ ಅನ್ನುವುದನ್ನೂ ಬಿಡಲಿಲ್ಲ.

ಗಂಗಕ್ಕ ಸೊಸೆಯ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನಿನ್ನ ಮುಖ ನೋಡಿ ಕೊಟ್ಟಿದ್ದೆ ಜಂಬಿ. ಈಕಿನ್ನ ಪೊಲೀಸರು ಒಯ್ದಿದ್ರ ಆ ಕೂಸಿಗೆ ಯಾರು ಗತಿ?"

"ಬೈ ಅಕ್ಕ. ನಿನಗ ಬೈಯೋ ಹಕ್ಕು ಐತಿ."

"ಬೈಯಂಗಿಲ್ಲ. ಈ ವರ್ಷ ನನ್ನ ಸೊಸೀನ ಗುಂಪಿಗೆ ಕಳಸಂಗಿಲ್ಲ."

ಜಂಬಮ್ಮ ತಲೆ ತಗ್ಗಿಸಿದಳು. ಆಗ ಸೌಜನ್ಯ ಎದ್ದು ನಿಂತಳು. ಅತ್ತೆಯ ಮುಂದೆ ದನಿ ಎತ್ತಿದವಳಲ್ಲ ಅವಳು.

"ಅತ್ತೀ, ನಿನ್ನೆ ಬ್ಯಾಂಕಿನಾಗ ಶಿರೀಷಾ ಹೆದರಿ ಸುಮ್ಮನಾಗಿದ್ರ ಈ ಕಾರ್ಡು ಸಂಜಿಗೆ ಆದೋನಿಯಾಗ ಇರ್ತಿತ್ತು. ಆಕಿ ತನ್ನ ಮಾನ ಹೋದ್ರೂ ಹೋಗ್ಲಿ ಅಂತ ನನ್ನ ಕೈ ಹಿಡಕೊಂಡು ಪದ್ಮಜಮ್ಮನ ಹತ್ರ ಬಂದ್ಲು. ಇನ್ನೊಂದು ಹುಡುಗಿ ಆಗಿದ್ರ ಮುಚ್ಚಿ ಇಡ್ತಿದ್ಲು."

ಗಂಗಕ್ಕ ಶಿರೀಷಾಳ ಕಡೆ ನೋಡಿದಳು. ಆ ಹುಡುಗಿ ಗೋಡೆಗೆ ಒರಗಿ, ಬರಿಗಾಲಲ್ಲಿ, ಯಾರ ಮುಖವನ್ನೂ ನೋಡಲಾರದೆ ನಿಂತಿದ್ದಳು. ಗಂಗಕ್ಕ ಎದ್ದು ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟಳು. ಜಂಬಮ್ಮನ ಜೊತೆ ಆವತ್ತು ಮಾತಾಡಲಿಲ್ಲ. ಸಿಟ್ಟು ಇಳಿಯಲು ಅದರದೇ ಹೊತ್ತು ಬೇಕು.

ಅಕ್ಕಂದಿರೇ, ತಂಗಿಯರೇ, ಈ ಮಾತು ನಿಮಗೂ ಹೇಳಬೇಕು. ನೀವು ಅರ್ಜಿ ಹಾಕದ ಕಂಪನಿಯಿಂದ ಕೆಲಸ ಸಿಕ್ಕಿತು ಎಂದು ಮೆಸೇಜು ಬಂದರೆ ಅದನ್ನು ನಂಬಬೇಡಿ. ಹಣ ಕೇಳಿದರೆ ಮಾತ್ರ ಮೋಸ ಅಂದುಕೊಳ್ಳಬೇಡಿ. ಹಣ ಕೊಟ್ಟೂ ಮೋಸ ಮಾಡುತ್ತಾರೆ. ಕಂಪನಿಯ ಹೆಸರು ದೊಡ್ಡದಿದ್ದರೆ ಮೆಸೇಜಿನಲ್ಲಿರುವ ನಂಬರಿಗೆ ಮಾಡಬೇಡಿ, ಆ ಕಂಪನಿಯ ನಿಜವಾದ ವಿಳಾಸ ಹುಡುಕಿಸಿ ಅಲ್ಲಿ ವಿಚಾರಿಸಿ. ಕೆಲಸ ಕೊಡುವ ಯಾರಿಗೂ ನಿಮ್ಮ ಎಟಿಎಂ ಕಾರ್ಡು, ಪಿನ್ನು, ಸಿಮ್ಮು, ಓಟಿಪಿ ಬೇಕಾಗುವುದಿಲ್ಲ. ಸಂಬಳ ಹಾಕಲು ಅಕೌಂಟ್ ನಂಬರು ಸಾಕು. ಮನೆಯಲ್ಲಿ ಹೇಳಬೇಡ ಎಂದು ಯಾರಾದರೂ ಅಂದರೆ ಅದೇ ಗಳಿಗೆಯಲ್ಲಿ ಮನೆಯಲ್ಲಿ ಹೇಳಿ. ಅಂಥವರ ಅಡ್ವಾನ್ಸ್ ಮುಟ್ಟಿದ್ದರೂ ನೀವು ಅವರಿಗೆ ಮಾತು ಕೊಟ್ಟಂತಲ್ಲ. ಕಳ್ಳನಿಗೆ ಕೊಟ್ಟ ಮಾತಿಗೆ ಬೆಲೆಯಿಲ್ಲ.

ಈಗಾಗಲೇ ಕಾರ್ಡು ಕೊಟ್ಟುಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ. ಇವತ್ತೇ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೆ ತಿಳಿಸಿ. ನಿಮ್ಮ ಊರಿನ ಸಚಿವಾಲಯಕ್ಕೋ, ಹತ್ತಿರದ ಸ್ಟೇಷನ್ನಿಗೋ ಹೋಗಿ. ನೀವು ತಡ ಮಾಡಿದಷ್ಟೂ ನಿಮ್ಮ ಹೆಸರಿನಲ್ಲಿ ಇನ್ನೊಬ್ಬರ ಮನೆ ಮುರಿಯುತ್ತಿರುತ್ತದೆ.

ಮನೆಯ ಹಿರಿಯರಿಗೆ ಇನ್ನೊಂದು ಮಾತು. ನಿಮ್ಮ ಮಗಳು, ಸೊಸೆ, ಮಗ ಒಂದು ದಿನ ಫೋನ್ ಹಿಡಿದುಕೊಂಡು ಬಂದು, ನಾನು ತಪ್ಪು ಮಾಡಿದೆ ಅಂದರೆ, ಮೊದಲು ಬೈಯಬೇಡಿ. ಪಕ್ಕದಲ್ಲಿ ಕೂರಿಸಿಕೊಳ್ಳಿ, ಪೂರ್ತಿ ಕೇಳಿ. ಶಿರೀಷಾ ಬಾಯಿ ಬಿಟ್ಟಳು ಅಂತಲೇ ಮಾಧವರಂನ ಅಷ್ಟೂ ಹೆಣ್ಣುಮಕ್ಕಳ ಹೆಸರು ಇವತ್ತು ಯಾವ ಪೊಲೀಸ್ ಕಾಗದದಲ್ಲೂ ಇಲ್ಲ, ಅವಳದೊಂದು ಬಿಟ್ಟು.